ಮೇಯಿಸಲು ತಡೆಯಿಲ್ಲ, ಲಾಯಕ್ಕೆ ಅಪ್ಪಣೆ ಬೇಕು

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮೂರು ಎಕರೆ ಹುಲ್ಲುಗಾವಲು ಕೊಂಡವರು ಮಾರನೆಯ ದಿನವೇ ಅದರಲ್ಲಿ ಎರಡು ಕುದುರೆಗಳನ್ನು ಮೇಯಲು ಬಿಡಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಅದೇ ಕುದುರೆಗಳಿಗೆ ದಿನವೂ ಮೂಟೆ ಬಿಚ್ಚಿ ದಾಣಿ ಹಾಕಿ, ಚಳಿಗೆ ಹೊದಿಕೆ ಹೊದಿಸಿ, ಜಿಗಿತಕ್ಕೆ ಅಡ್ಡಗಂಬ ನೆಟ್ಟು, ಸಂಜೆಯ ಸವಾರಿ ಶುರು ಮಾಡಿದರೆ ಕಾನೂನಿನ ಕಣ್ಣಿಗೆ ಆ ಹೊಲ ಬೇರೆಯದೇ ಆಗಿಬಿಡುತ್ತದೆ. ಹುಲ್ಲು ಅದೇ, ಬೇಲಿ ಅದೇ, ಕುದುರೆಯೂ ಅದೇ. ಬದಲಾದದ್ದು ನೆಲದ ಬಳಕೆ. ಸ್ವಂತ ಕುದುರೆಗೊಂದು ಲಾಯ ಕಟ್ಟಬೇಕು ಎನ್ನುವವರ ತಾಪತ್ರಯ ಶುರುವಾಗುವುದು ಇಲ್ಲಿಂದಲೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯಿದೆ 1948ರ ಜುಲೈ 1ರಂದು ಜಾರಿಯಾಯಿತು. ಜಮೀನು ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ಕಟ್ಟುವುದಕ್ಕೂ ಅದರ ಬಳಕೆ ಬದಲಿಸುವುದಕ್ಕೂ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕೆಂದಾಯಿತು. ಆದರೆ ನೆಲವನ್ನು ಬೇಸಾಯಕ್ಕೆ ಬಳಸುವುದನ್ನು ಈ ಹಿಡಿತದಿಂದ ಹೊರಗಿಟ್ಟರು. ಈಗ ನಡೆಯುತ್ತಿರುವ 1990ರ ಕಾಯಿದೆಯಲ್ಲೂ ಅದೇ ಪದ್ಧತಿ. ಬೇಸಾಯವೆಂದರೆ ಅದರಲ್ಲಿ ಜಾನುವಾರು ಸಾಕಣೆ ಸೇರುತ್ತದೆ, ಹುಲ್ಲುಗಾವಲೂ ಸೇರುತ್ತದೆ. ಹಾಗಿದ್ದರೆ ಕುದುರೆ ಜಾನುವಾರೇ? 1962ರ ಬೆಲ್‌ಮಾಂಟ್ ಫಾರ್ಮ್ ಮೊಕದ್ದಮೆಯಲ್ಲಿ ನ್ಯಾಯಾಲಯ ಉತ್ತರ ಕೊಟ್ಟಿತು. ಆಹಾರಕ್ಕೆ, ಉಣ್ಣೆಗೆ, ಚರ್ಮಕ್ಕೆ, ತುಪ್ಪಳಕ್ಕೆ ಅಥವಾ ಹೊಲದ ಕೆಲಸಕ್ಕೆ ಸಾಕಿದ ಪ್ರಾಣಿ ಮಾತ್ರ ಇಲ್ಲಿ ಜಾನುವಾರು. ನೇಗಿಲು ಎಳೆಯುವ ಕುದುರೆ ಒಳಗೆ ಬಂತು. ಜಿಗಿತದ ಸ್ಪರ್ಧೆಗೆ ಸಾಕಿ ಪಳಗಿಸಿದ ಕುದುರೆ ಹೊರಗುಳಿಯಿತು.

ಮೇಯುವ ಪ್ರಶ್ನೆ ಮತ್ತೂ ಉಳಿಯಿತು. ಅದನ್ನು ಬಿಡಿಸಿದ್ದು 1981ರ ಸೈಕ್ಸ್ ಮೊಕದ್ದಮೆ. ಸವಾರಿ ಕುದುರೆಯಾದರೂ ಸರಿ, ಹುಲ್ಲು ತಿನ್ನಲೆಂದೇ ಅದನ್ನು ಹೊಲಕ್ಕೆ ಬಿಟ್ಟಿದ್ದರೆ ಅದು ಮೇವಿನ ನೆಲ, ಅಂದರೆ ಬೇಸಾಯ. ಹೊಟ್ಟೆ ತುಂಬುವುದು ಹೊರಗಿನಿಂದ ತಂದ ಮೇವಿನಿಂದ, ಹೊಲದ ಹುಲ್ಲು ನೆಪಕ್ಕಷ್ಟೇ ಎಂದಾದರೆ ಅದು ಕುದುರೆ ಸಾಕುವ ಜಾಗ; ಅದಕ್ಕೆ ಅನುಮತಿ ಬೇಕು. ಈ ವಿವೇಚನೆ ನನಗೆ ಬಹಳ ಒಪ್ಪಿಗೆಯಾದದ್ದು. ಕುದುರೆ ಬಲ್ಲವರು ಹೊಲ ನೋಡಿದ ಕೂಡಲೇ ಕೇಳುವುದೂ ಇದನ್ನೇ: ಈ ನೆಲ ಕುದುರೆಯನ್ನು ಸಾಕುತ್ತದೆಯೇ, ಸುಮ್ಮನೆ ನಿಲ್ಲಿಸಿಕೊಳ್ಳುತ್ತದೆಯೇ? ಒಂದು ಕುದುರೆಗೆ ಒಂದರಿಂದ ಒಂದೂವರೆ ಎಕರೆ ಹುಲ್ಲು ಬೇಕೆಂದು ಬ್ರಿಟಿಷ್ ಹಾರ್ಸ್ ಸೊಸೈಟಿ ಹೇಳುತ್ತದೆ. ಅರ್ಧ ಎಕರೆಗೆ ಮೂರು ಕುದುರೆ ತುಂಬಿದರೆ ಮೊದಲ ಚಳಿಗಾಲದ ಮಳೆಗೇ ಹುಲ್ಲು ಸತ್ತು ಕೆಸರಷ್ಟೇ ಉಳಿಯುತ್ತದೆ, ಗೊರಸು ಕೊಳೆಯುತ್ತದೆ.

ನಮ್ಮ ಓದುಗರಿಗೆ ಇದು ತೀರಾ ಅಪರಿಚಿತವಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೇ ಸೆಕ್ಷನ್ ಪ್ರಕಾರ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಅನುಮತಿ ಬೇಕು, ಡಿ.ಸಿ. ಕನ್ವರ್ಷನ್ ಎಂದರೆ ಹಳ್ಳಿಯ ಮಕ್ಕಳಿಗೂ ಗೊತ್ತು. ಇಂಗ್ಲೆಂಡಿನಲ್ಲಿ ಅರ್ಜಿ ಅಷ್ಟಕ್ಕೇ ಮುಗಿಯುವುದಿಲ್ಲ. ಹಲಗೆಯ ಬಣ್ಣ ಯಾವುದು, ಮಾಡು ಎಷ್ಟು ಎತ್ತರ, ಲದ್ದಿ ರಾಶಿ ಎಲ್ಲಿ, ದೀಪ ಎಷ್ಟು ಹೊತ್ತು ಉರಿಯುತ್ತದೆ ಎಂಬಲ್ಲಿಯವರೆಗೂ ಹೋಗುತ್ತದೆ.

ಅನುಮತಿಯಿಲ್ಲದೆ ಲಾಯ ಕಟ್ಟಲು ಒಂದು ದಾರಿ ಇದೆ. ಮನೆಗೆ ಸೇರಿದ ಹಿತ್ತಲಿನಲ್ಲಿ, ಮನೆಯವರ ಸಂತೋಷಕ್ಕಾಗಿ ಸಾಕಿದ ಪ್ರಾಣಿಗೆ 2015ರ ಸರ್ಕಾರಿ ಆದೇಶದ ಮಿತಿಯೊಳಗೆ ಕಟ್ಟಡ ಎಬ್ಬಿಸಬಹುದು. ಒಂದೇ ಅಂತಸ್ತು, ಸೂರಿನ ಎತ್ತರ 2.5 ಮೀಟರ್ ದಾಟಬಾರದು. ಎರಡು ಇಳಿಜಾರಿನ ಮಾಡಿನ ನೆತ್ತಿ 4 ಮೀಟರ್ ದಾಟಬಾರದು. ಗಡಿಯಿಂದ 2 ಮೀಟರಿನೊಳಗೆ ಬಂದರೆ ಇಡೀ ಕಟ್ಟಡವೇ 2.5 ಮೀಟರಿನೊಳಗಿರಬೇಕು. ಹಿತ್ತಲ ಬೇಲಿಯಾಚೆಗಿನ ಹೊಲಕ್ಕೆ ಈ ಸವಲತ್ತಿಲ್ಲ, ಅದು ನಿಮ್ಮದೇ ಆಗಿದ್ದರೂ.

ಈ 2.5 ಮೀಟರ್ ನನ್ನನ್ನು ಕಾಡುವ ಸಂಖ್ಯೆ. ಅದೇ ಸರ್ಕಾರದ ಪರಿಸರ ಮತ್ತು ಗ್ರಾಮೀಣ ಇಲಾಖೆಯ ಕುದುರೆ ಪಾಲನೆಯ ಸಂಹಿತೆ, ಸಹಜವಾಗಿ ನಿಂತ ಕುದುರೆಯ ಕಿವಿಯ ಮೇಲೆ ಸೂರಿನವರೆಗೆ 60ರಿಂದ 90 ಸೆಂಟಿಮೀಟರ್ ತೆರಪಿರಬೇಕು ಎನ್ನುತ್ತದೆ. ಹೆಗಲ ಬಳಿ ಐದಡಿ ನಾಲ್ಕಂಗುಲ ಎತ್ತರದ ಸಾಧಾರಣ ಸವಾರಿ ಕುದುರೆ ಕತ್ತೆತ್ತಿ ನಿಂತರೆ ಕಿವಿ ಎರಡು ಮೀಟರ್ ಮುಟ್ಟುತ್ತದೆ. ಕನಿಷ್ಠ ತೆರಪು ಸೇರಿಸಿದರೂ 2.6 ಮೀಟರ್. ಅಂದರೆ ಅನುಮತಿ ಕೇಳದೆ ಕಟ್ಟಬಹುದಾದ ಲಾಯ ಪೋನಿಗೆ ಸಾಕು, ಕುದುರೆಗೆ ಸಾಲದು. ತಗ್ಗು ಮಾಡಿನ ಕೆಳಗೆ ಒಣಹುಲ್ಲಿನ ಧೂಳು, ಮೂತ್ರದ ಅಮೋನಿಯಾ ಹೊರಹೋಗಲು ಜಾಗವಿಲ್ಲದೆ ಕುದುರೆಯ ಉಸಿರಿಗೇ ಸೇರುತ್ತವೆ. ಕೆಮ್ಮು ಹಿಡಿದ ಕುದುರೆಯ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದು ಕಷ್ಟ. ಅರ್ಜಿಯ ಜಂಜಾಟ ತಪ್ಪಿತೆಂದು ಈ ಮಿತಿಯೊಳಗೆ ದೊಡ್ಡ ಕುದುರೆಯನ್ನು ತುರುಕುವವರ ಕೆಲಸವನ್ನು ನಾನು ಒಪ್ಪಲಾರೆ. ಅಂಥವರು ಅರ್ಜಿ ಹಾಕಲಿ, ಸಂಹಿತೆಯ ಆ ಪುಟವನ್ನು ಅದಕ್ಕೆ ಲಗತ್ತಿಸಲಿ. ಎತ್ತರ ಬೇಕಿರುವುದು ಕುದುರೆಯ ಉಸಿರಿಗೆ ಎಂದು ಬರೆದು ತೋರಿಸಿದರೆ ಅಧಿಕಾರಿಗೆ ಒಪ್ಪಲು ಒಂದು ಆಧಾರ ಸಿಗುತ್ತದೆ.

ತೆರೆದ ಹೊಲದಲ್ಲಿ ಕಟ್ಟುವುದಾದರೆ ಪೂರ್ಣ ಅರ್ಜಿಯೇ ಗತಿ. ಸಣ್ಣ ಅರ್ಜಿಗೆ ಎಂಟು ವಾರದೊಳಗೆ ತೀರ್ಮಾನ ಕೊಡಬೇಕೆಂಬುದು ನಿಯಮ. ಊರಿನ ಪ್ಯಾರಿಷ್ ಕೌನ್ಸಿಲ್ ತನ್ನ ಅಭಿಪ್ರಾಯ ಹೇಳುತ್ತದೆ. ನಗರಗಳ ಸುತ್ತ ಬಯಲಾಗಿ ಕಾದಿಟ್ಟ ಗ್ರೀನ್ ಬೆಲ್ಟ್‌ನಲ್ಲಿ ಹೊಸ ಕಟ್ಟಡವೆಂದರೆ ಸಾಮಾನ್ಯವಾಗಿ ಬೇಡವೆಂದೇ. ಆದರೂ ಹೊರಾಂಗಣ ಕ್ರೀಡೆ, ವಿಹಾರಕ್ಕೆ ತಕ್ಕ ಸೌಲಭ್ಯಕ್ಕೆ ಎಡೆಯಿದೆ, ಬಯಲಿನ ವಿಸ್ತಾರ ಕೆಡಬಾರದು ಎಂಬ ಷರತ್ತಿನ ಮೇಲೆ. 1995ರ ಸರ್ಕಾರಿ ಮಾರ್ಗಸೂಚಿ ಇದಕ್ಕೆ ಉದಾಹರಣೆಯಾಗಿ ಸಣ್ಣ ಲಾಯಗಳನ್ನು ಹೆಸರಿಸಿಯೇ ಹೇಳಿತ್ತು. ಇಂದಿನ ರಾಷ್ಟ್ರೀಯ ನೀತಿಯಲ್ಲಿ ಆ ಹೆಸರಿಲ್ಲ, ತತ್ವ ಉಳಿದಿದೆ.

ಎಷ್ಟು ಸಣ್ಣದು? ಕುದುರೆಗೆ ಹನ್ನೆರಡು ಅಡಿ ಚೌಕದ ಕೋಣೆ, ದೊಡ್ಡ ಕುದುರೆಗೆ ಹನ್ನೆರಡಕ್ಕೆ ಹದಿನಾಲ್ಕು, ಪೋನಿಗೆ ಹತ್ತು ಚೌಕ. ಇದು ಹಾರ್ಸ್ ಸೊಸೈಟಿಯ ಅಳತೆ. ಎರಡು ಕುದುರೆಗೆ ಎರಡು ಕೋಣೆ, ಜೀನು ಲಗಾಮಿಗೆ ಒಂದು, ಒಣಹುಲ್ಲಿಗೆ ಒಂದು. ಇಷ್ಟಕ್ಕೆ ನಿಂತ ಅರ್ಜಿಯನ್ನು ಸಮರ್ಥಿಸಿಕೊಳ್ಳುವುದು ಸುಲಭ. ಆರು ಕೋಣೆ, ಅಟ್ಟ, ಸ್ನಾನದ ಮನೆ, ದೊಡ್ಡ ಕಿಟಕಿ ಎಂದು ನಕ್ಷೆ ಬೆಳೆಯುತ್ತ ಹೋದರೆ ಮುಂದೆ ಇದು ವಾಸದ ಮನೆಯಾಗುತ್ತದೆಂದು ಅಧಿಕಾರಿ ಅನುಮಾನಿಸುತ್ತಾನೆ. ಆ ಅನುಮಾನಕ್ಕೆ ಕಾರಣ ಒದಗಿಸಿದ್ದು ಹಿಂದೆ ಹಾಗೆ ಮಾಡಿದವರೇ.

ಜಾಗದ ಆಯ್ಕೆ ನಕ್ಷೆಗಿಂತ ಮುಖ್ಯ. ದಿಬ್ಬದ ಮೇಲಲ್ಲ, ಹಾಥಾರ್ನ್ ಬೇಲಿಯ ಮಗ್ಗುಲಲ್ಲಿ, ಹಳೆಯ ಕೊಟ್ಟಿಗೆ ಇದ್ದರೆ ಅದರ ಪಕ್ಕದಲ್ಲಿ ಕಟ್ಟಬೇಕು. ಕಪ್ಪುಗಂದು ಮರದ ಹಲಗೆ, ಅರ್ಧ ಬಾಗಿಲು. ಬೀಸುಗಾಳಿಗೆ ಬೆನ್ನು ಕೊಟ್ಟ ಆ ಕಟ್ಟಡ ದಾರಿಹೋಕನಿಗೆ ಮರೆಯಾಗುತ್ತದೆ, ಕುದುರೆಗೂ ಬೆಚ್ಚಗಿರುತ್ತದೆ. ಕುದುರೆಯ ಗಾಡಿ ಕಿರಿದಾದ ರಸ್ತೆಗೆ ತಿರುಗುವಾಗ ಎರಡೂ ಕಡೆ ಕಾಣಬೇಕು. ಲದ್ದಿ ರಾಶಿಯ ನೀರು ಹಳ್ಳಕ್ಕೆ ಹರಿಯಬಾರದು. ಖಾಸಗಿ ಬಳಕೆಗೆ ಮಾತ್ರ, ಬಾಡಿಗೆಗೆ ಕುದುರೆ ಕಟ್ಟಿಕೊಳ್ಳುವಂತಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ಬರುತ್ತದೆ. ಅದು ನ್ಯಾಯವೇ. ಎರಡು ಕುದುರೆಯ ಲಾಯಕ್ಕೆ ಒಪ್ಪಿದ ಊರು ಸವಾರಿ ಶಾಲೆಗೆ ಒಪ್ಪಿರುವುದಿಲ್ಲ.

ಅಡಿಗೆ ಹಾಸುಮರ ಹಾಕಿ ಎಳೆದೊಯ್ಯುವ ಚಪ್ಪರವಾದರೆ ಅನುಮತಿ ಬೇಡ ಎಂದು ಮಾರುವವರು ಹೇಳುವುದುಂಟು. ಅರ್ಧ ಮಾತ್ರ ನಿಜ. ಗಾತ್ರ ಎಷ್ಟು, ನೆಲಕ್ಕೆ ಎಷ್ಟು ಅಂಟಿದೆ, ಎಷ್ಟು ಕಾಲ ಅಲ್ಲೇ ಇದೆ ಎಂದು ನೋಡಿ ಅದು ಕಟ್ಟಡವೋ ಅಲ್ಲವೋ ತೀರ್ಮಾನಿಸುತ್ತಾರೆ. ವರ್ಷಗಟ್ಟಲೆ ಕದಲದೆ ನಿಂತ ಚಪ್ಪರವನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ಕಟ್ಟಡವಲ್ಲ ಎಂದಾದರೂ ನೆಲದ ಬಳಕೆಯ ಪ್ರಶ್ನೆ ಬೇರೆಯೇ ಉಳಿಯುತ್ತದೆ. ಕದ್ದು ಕಟ್ಟಿ ನಾಲ್ಕು ವರ್ಷ ಕಳೆದರೆ ಯಾರೂ ಕೇಳುವಂತಿಲ್ಲ ಎಂಬ ಹಳೆಯ ನಂಬಿಕೆಯೂ ಈಗ ನಡೆಯದು. 2024ರ ಏಪ್ರಿಲ್ 25ರಿಂದ ಈಚೆಗೆ ಮುಗಿದ ಕಟ್ಟಡಗಳಿಗೆ ಇಂಗ್ಲೆಂಡಿನಲ್ಲಿ ಆ ಅವಧಿ ಹತ್ತು ವರ್ಷ.

ಇಂಗ್ಲೆಂಡಿನಲ್ಲಿ ನೆಲೆಸಿ ಕುದುರೆಯ ಆಸೆ ಹೊತ್ತಿರುವ ಕನ್ನಡಿಗರಲ್ಲಿ ನನ್ನದೊಂದು ವಿನಂತಿ. ಹೊಲದ ಬೆಲೆ ಕೇಳುವ ಮುನ್ನ ಅದರ ಈಗಿನ ಬಳಕೆ ಏನೆಂದು ಅನುಮತಿ ಕೊಡುವ ಕೌನ್ಸಿಲ್‌ನಲ್ಲಿ ಕೇಳಿ. ಅರ್ಜಿಗೆ ಮೊದಲೇ ಶುಲ್ಕ ಕೊಟ್ಟು ಸಲಹೆ ಪಡೆಯುವ ಅವಕಾಶವಿದ್ದರೆ ಬಳಸಿಕೊಳ್ಳಿ. ಉತ್ತರ ಬರಹದಲ್ಲಿ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ, ಕುದುರೆಯನ್ನೂ ಕೊಳ್ಳಬೇಡಿ.