ಬಗದಲ್‌ನ ಕೆಂಪು ನೆಲದಲ್ಲಿ

ಬೇಸಿಗೆಯ ಕೊನೆಯಲ್ಲಿ ಬೀದರ್ ಜಿಲ್ಲೆಯ ಬಗದಲ್ ಸುತ್ತಿನ ಕೆಂಪು ನೆಲದಲ್ಲಿ ನಡೆಯಬೇಕು. ಬೀದರ್ ಪ್ರಸ್ಥಭೂಮಿ ಸಮುದ್ರಮಟ್ಟದಿಂದ 2,000 ಅಡಿಗೂ ಮೇಲಿದೆ. ಶಿಖರವಿಲ್ಲದ ಬೆಟ್ಟವೇ ಸರಿ. ಹುಲ್ಲು ಒಣಗಿದ್ದರೂ ಕಕ್ಕೆ ಹಳದಿ ಗೊಂಚಲು ಇಳಿಬಿಟ್ಟಿರುತ್ತದೆ, ಸೀತಾಫಲ ಚಿಗುರಿರುತ್ತದೆ. ಇಲ್ಲಿನ ಕೆಂಪು ಜಂಬಿಟ್ಟಿಗೆ ಮಳೆನೀರನ್ನು ಹೀರಿ ಕೆಳಗಿನ ಕಪ್ಪು ಬಂಡೆಯವರೆಗೆ ಇಳಿಸುತ್ತದೆ. ಬೀದರಿನ ಝರಣಿ ನರಸಿಂಹ ಗುಹೆಯ ನೀರಿಗೂ ಅಲ್ಲಿನ ಸುರಂಗ ಬಾವಿಗೂ ಹೀಗೆ ಇಳಿದ ನೀರೇ ಮೂಲ.

ಜಿಲ್ಲೆಯ ಬಯಲಲ್ಲಿ ಕೃಷ್ಣಮೃಗಗಳಿವೆ, ಎಲ್ಲರ ಕಣ್ಣೂ ಅವುಗಳ ಮೇಲೆಯೇ. ನನಗೆ ಮಾತ್ರ ಅಚ್ಚುಮೆಚ್ಚು ಟಿಟ್ಟಿಭ ಹಕ್ಕಿ. ಕಡ್ಡಿ ಕೂಡಿಸಿ ಗೂಡು ಕಟ್ಟದೆ ಬರಿನೆಲದ ಹರಳುಗಳ ನಡುವೆ ಮೊಟ್ಟೆಯಿಡುತ್ತದೆ. ಚುಕ್ಕೆಚುಕ್ಕೆಯ ಆ ಮೊಟ್ಟೆ ಹರಳುಗಳಲ್ಲಿ ಬೆರೆತುಹೋಗಿರುತ್ತದೆ. ಹತ್ತಿರ ಹೋದರೆ ಹಕ್ಕಿ ತಲೆಯ ಮೇಲೆ ಸುತ್ತುತ್ತಾ ಕೂಗುತ್ತದೆ. ಆ ಕೂಗು ಕೇಳಿದರೆ ದಯವಿಟ್ಟು ನಿಲ್ಲಿ, ಕಾಲಬುಡ ನೋಡಿಕೊಂಡು ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.