ಸೂತ್ರಧಾರನ ಧರ್ಮ

ಕಾವ್ಯವು ಏಕಾಂತದಲ್ಲಿ ಹುಟ್ಟಬಹುದು. ನಾಟಕಪ್ರಯೋಗವಾದರೋ ಹಲವರ ಕೂಟದಲ್ಲಿಯೇ ಹುಟ್ಟತಕ್ಕದ್ದು. ಭರತಮುನಿಯು ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲಿ ಮಂಡಳಿಯ ಅಂಗಗಳನ್ನು ಎಣಿಸುವಾಗ ನಟ ವಿದೂಷಕರೊಡನೆ ಕಿರೀಟ ಮಾಡುವವನನ್ನೂ ಮಾಲೆ ಕಟ್ಟುವವನನ್ನೂ ಚಿತ್ರಕಾರನನ್ನೂ ಮರೆತಿಲ್ಲ. ಇಷ್ಟು ಜನರ ಇಷ್ಟು ಬಗೆಯ ಕೌಶಲವನ್ನು ಒಂದೇ ರಸದ ಕಡೆಗೆ ನಡೆಸುವವನು ಸೂತ್ರಧಾರ. ನಮ್ಮ ವಿಮರ್ಶೆಯು ಕವಿಯ ಮಾತನ್ನು ಅಳೆಯುತ್ತದೆ, ನಟನ ಅಭಿನಯವನ್ನು ಕೊಂಡಾಡುತ್ತದೆ. ಈ ನಡೆಸುವಿಕೆಯನ್ನು ಮಾತ್ರ ಬರಿಯ ಏರ್ಪಾಡೆಂದು ಭಾವಿಸಿ ಸುಮ್ಮನಾಗುತ್ತದೆ. ಇದೂ ಒಂದು ಕಲೆಯೇ, ಇದಕ್ಕೂ ಗುಣದೋಷಗಳುಂಟು. ಗುರುಶಿಷ್ಯ ಸಂಬಂಧವುಳ್ಳ ಇಬ್ಬರು ಕನ್ನಡಿಗರಲ್ಲಿ ಇದನ್ನು ಪರೀಕ್ಷಿಸಿ ನೋಡೋಣ.

ಮೊದಲನೆಯವರು ಗುಬ್ಬಿ ವೀರಣ್ಣನವರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಮಂಡಳಿಗೆ ಅವರು ಬಾಲನಟರಾಗಿ ಸೇರಿ, ಮುಂದೆ ಅದರ ಯಜಮಾನರಾದರು. ಆ ಕಾಲದ ಮಂಡಳಿಗಳಲ್ಲಿ ಯಜಮಾನರೇ ನಾಯಕಪಾತ್ರವನ್ನು ವಹಿಸುವುದು ಅಪೂರ್ವವಾಗಿರಲಿಲ್ಲ; ರತ್ನಾವಳೀ ನಾಟಕ ಸಭೆಯ ಎ. ವಿ. ವರದಾಚಾರ್ಯರ ಕೀರ್ತಿಯೇ ಇದಕ್ಕೆ ಸಾಕ್ಷಿ. ವೀರಣ್ಣನವರಾದರೋ ಹೆಸರು ಪಡೆದದ್ದು ಹಾಸ್ಯದಲ್ಲಿ. 'ಸದಾರಮೆ'ಯ ಕಳ್ಳನ ಪಾತ್ರವು ಅವರ ಹೆಸರಿನೊಡನೆಯೇ ಬೆಸೆದುಕೊಂಡಿದೆ. ಯಜಮಾನನೇ ನಗೆಯ ಪಾತ್ರಕ್ಕೆ ನಿಂತರೆ ರಾಜನ ಆಸನವು ಮತ್ತೊಬ್ಬ ನಟನಿಗೆ ತೆರವಾಗುತ್ತದೆ. ಇದರ ಫಲವು ಚಿಕ್ಕದಲ್ಲ. ಮುಂದೆ ರಾಜಕುಮಾರರೆಂದು ಪ್ರಸಿದ್ಧರಾದ ಮುತ್ತುರಾಜ, ಜಿ. ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಇವರೆಲ್ಲರೂ ಆ ಅಂಗಳದಲ್ಲಿ ಪಳಗಿದವರು. 1954ರ 'ಬೇಡರ ಕಣ್ಣಪ್ಪ' ಚಿತ್ರವು ತೆರೆಗೆ ಬಂದಾಗ ನಾಡು ಕಂಡದ್ದು ಬಹುಮಟ್ಟಿಗೆ ರಂಗದ ಈ ಬೆಳೆಯನ್ನೇ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. 1930ರ ದಶಕದಲ್ಲಿ ಮಂಡಳಿಯು 'ಕುರುಕ್ಷೇತ್ರ'ವನ್ನು ಆಡಿದಾಗ ನಿಜವಾದ ಆನೆ ಕುದುರೆಗಳು ರಂಗದ ಮೇಲೆ ಬಂದವು. ಅಂಥ ಆಟವು ಕೆಡದೆ ನಡೆಯಬೇಕಾದರೆ ಎಷ್ಟು ಜನರ ಎಚ್ಚರ, ಎಂಥ ಶಿಸ್ತು ಬೇಕೆಂಬುದನ್ನು ಊಹಿಸಬಹುದು. ಆದರೆ ಶಿಸ್ತೇ ಸೃಷ್ಟಿಯಲ್ಲ. ಆನೆಯು ಬಂದ ರಂಗದಲ್ಲಿ ನಟನ ಕಣ್ಣಂಚಿನ ಭಾವವನ್ನು ಯಾರು ನೋಡಿಯಾರು? ಮಂಡಳಿಯ ಅನ್ನವು ಟಿಕೀಟಿನ ಹಣದಿಂದಲೇ ಬರಬೇಕಾಗಿದ್ದುದರಿಂದ ಯಜಮಾನನು ಕಣ್ಣಿನ ಹಸಿವಿಗೂ ಬಡಿಸಬೇಕಾಯಿತು. ಇದನ್ನು ಅರಿತು ನುಡಿಯುವುದು ನ್ಯಾಯ, ಆದರೂ ಮೆಚ್ಚತಕ್ಕದ್ದಲ್ಲ.

ಎರಡನೆಯವರು ಬಿ. ವಿ. ಕಾರಂತರು. ದಕ್ಷಿಣ ಕನ್ನಡದ ಮಂಚಿಯಲ್ಲಿ ಹುಟ್ಟಿ, ಹುಡುಗತನದಲ್ಲಿಯೇ ಮನೆ ಬಿಟ್ಟು ಗುಬ್ಬಿ ಮಂಡಳಿಯನ್ನು ಸೇರಿದ ಇವರನ್ನು ವೀರಣ್ಣನವರೇ ಓದಲೆಂದು ಕಾಶಿಗೆ ಕಳುಹಿಸಿದರು. ಒಳ್ಳೆಯ ಕೆಲಸಗಾರನನ್ನು ತನ್ನಲ್ಲಿಯೇ ಕಟ್ಟಿಹಾಕದೆ ಬಿಟ್ಟುಕೊಡುವ ಈ ಔದಾರ್ಯವು ಆನೆಗಳ ವೈಭವಕ್ಕಿಂತ ದೊಡ್ಡದೆಂದು ನಾವು ಎಣಿಸುತ್ತೇವೆ. ಕಾರಂತರು ಕಟ್ಟಿದ ಪ್ರಯೋಗಗಳಲ್ಲಿ ಮೇಳವೇ ಪರದೆ, ಮೇಳವೇ ವಾದ್ಯ. ಜಡಭರತರ 'ಸತ್ತವರ ನೆರಳು' ದಾಸರ ಪದಗಳೊಡನೆ ರಂಗಕ್ಕೆ ಬಂದಾಗ ಹಾಡು ಅಲಂಕಾರವಾಗಿ ನಿಲ್ಲದೆ ಕಥೆಯ ಉಸಿರೇ ಆಯಿತು. ಯಾವ ಹೆಸರೂ ಇಲ್ಲದೆ ಗುಂಪಿನಲ್ಲಿ ನಿಂತ ನಟನಿಗೂ ಅಲ್ಲಿ ಸೃಷ್ಟಿಯ ಪಾಲು ದೊರೆಯಿತು. ಗುರುವಿನಲ್ಲಿ ಶಿಸ್ತಾಗಿದ್ದುದು ಶಿಷ್ಯನಲ್ಲಿ ಸಹಸೃಷ್ಟಿಯಾಯಿತೆನ್ನಬಹುದು. ಆದರೆ ಇಲ್ಲಿಯೂ ಒಂದು ಅಪಾಯವುಂಟು. ನಾಯಕನ ಸಂಗೀತಪ್ರತಿಭೆಯು ಮಿತಿಮೀರಿದಾಗ ನಟನ ಮಾತು ನಾದದಲ್ಲಿ ಮುಳುಗುತ್ತದೆ; ಆನೆಯು ಮಾಡಿದ ಕೆಲಸವನ್ನೇ ರಾಗವೂ ಮಾಡೀತು.

ಹಾಗಾದರೆ ಸೂತ್ರಧಾರನನ್ನು ಅಳೆಯುವ ಕೋಲು ಯಾವುದು? ಒಂದು ರಾತ್ರಿಯ ಪ್ರಯೋಗದ ಬೆಡಗು ಸಾಲದು. ಅವನು ಇಲ್ಲದಿರುವಾಗ ಅವನ ಮಂಡಳಿಯವರು ಏನು ಮಾಡಬಲ್ಲರೆಂಬುದನ್ನು ನೋಡಬೇಕು. 1989ರಲ್ಲಿ ಮೈಸೂರಿನಲ್ಲಿ ಸರ್ಕಾರವು ಸ್ಥಾಪಿಸಿದ ರಂಗಾಯಣಕ್ಕೆ ಕಾರಂತರು ಮೊದಲ ನಿರ್ದೇಶಕರಾದರು. ಅವರು ಆ ಸ್ಥಾನವನ್ನು ಬಿಟ್ಟ ಮೇಲೆಯೂ, 2002ರಲ್ಲಿ ತೀರಿಕೊಂಡ ಮೇಲೆಯೂ ಆ ಸಂಸ್ಥೆಯು ನಿಲ್ಲಲಿಲ್ಲ. 1972ರಲ್ಲಿ ವೀರಣ್ಣನವರು ತೀರಿಕೊಂಡಾಗ ಅವರ ಶಿಷ್ಯರು ಚಿತ್ರದಲ್ಲಿಯೂ ರಂಗದಲ್ಲಿಯೂ ತಮ್ಮ ತಮ್ಮ ದಾರಿಗಳನ್ನು ಆಗಲೇ ಕಂಡುಕೊಂಡಿದ್ದರು.

ಸಂಸ್ಕೃತ ನಾಟಕದಲ್ಲಿ ಸೂತ್ರಧಾರನು ಮೊದಲು ಬಂದು, ಸಭೆಗೆ ವಂದಿಸಿ, ಕವಿಯನ್ನೂ ಕಥೆಯನ್ನೂ ಪರಿಚಯ ಮಾಡಿಕೊಟ್ಟು, ಪಾತ್ರಗಳು ಪ್ರವೇಶಿಸುತ್ತಲೇ ಮರೆಯಾಗುತ್ತಾನೆ. ಇದನ್ನು ಪೂರ್ವಿಕರು ಬರಿಯ ಸಂಪ್ರದಾಯಕ್ಕಾಗಿ ಇಟ್ಟಿರಲಾರರು. ಇಂದು ನಮ್ಮ ಊರೂರುಗಳ ಹವ್ಯಾಸಿ ಸಂಘಗಳು ನಾಯಕನೊಬ್ಬನ ಹೆಸರಿನಲ್ಲಿ ಎದ್ದು, ಅವನು ದಣಿದೊಡನೆ ಮಲಗುವುದನ್ನು ಕಾಣುತ್ತಿದ್ದೇವೆ. ಅಂಥ ಸಂಘಗಳ ಮುಂದಾಳುಗಳು ಮುಂದಿನ ನಾಟಕವನ್ನು ಆರಿಸುವ ಮೊದಲು, ತಮ್ಮ ತರುವಾಯ ಸೂತ್ರವನ್ನು ಹಿಡಿಯತಕ್ಕವರು ಯಾರೆಂಬುದನ್ನು ಯೋಚಿಸುವುದು ಉಚಿತ.