ಹೆಡೆಯ ನೆರಳು, ಹಾವಿನ ಹಸಿವು

ಬಾದಾಮಿಯ ನಾಲ್ಕನೆಯ ಗುಹಾಲಯವನ್ನು ಪ್ರವೇಶಿಸಿದವರಿಗೆ ಮುಖಮಂಟಪದ ಎರಡು ಕೊನೆಗಳಲ್ಲಿ ಎರಡು ನಿಂತ ಮೂರ್ತಿಗಳು ಎದುರಾಗುತ್ತವೆ. ಒಂದೆಡೆ ಭಗವಾನ್ ಪಾರ್ಶ್ವನಾಥರು; ಅವರ ಶಿರದ ಮೇಲೆ ಹರಡಿದ ನಾಗನ ಹೆಡೆಗಳು. ಇನ್ನೊಂದೆಡೆ ಬಾಹುಬಲಿಸ್ವಾಮಿ, ಕಾಲುಗಳನ್ನು ಬಳಸಿದ ಬಳ್ಳಿ, ಪಾದಗಳ ಬಳಿ ಸರ್ಪಗಳು. ಹುನಗುಂದ ತಾಲ್ಲೂಕಿನ ಐಹೊಳೆಯ ಜೈನ ಗುಹೆಯಲ್ಲಿಯೂ ಇದೇ ಜೋಡಿಯನ್ನು ಕಾಣುತ್ತೇವೆ. ಅಲ್ಲಿ ಪಾರ್ಶ್ವನಾಥರ ಮೇಲೆ ಎರಗುವ ಕಮಠನೂ ಇದ್ದಾನೆ, ಕೊಡೆ ಹಿಡಿದು ನಿಂತ ನಾಗಿಣಿಯೂ ಇದ್ದಾಳೆ. ರವಿಕೀರ್ತಿಯು 634ರಲ್ಲಿ ಮೇಗುತಿಯ ಜಿನಾಲಯದಲ್ಲಿ ಶಾಸನವನ್ನು ಬರೆಯಿಸಿದ ಊರು ಅದು. ಚಾಲುಕ್ಯ ಶಿಲ್ಪಿಗಳು ಮನುಷ್ಯನ ತಪಸ್ಸನ್ನೂ ಹಾವಿನ ಜೀವವನ್ನೂ ಒಂದೇ ಬಂಡೆಯಲ್ಲಿ ಇಷ್ಟು ಹತ್ತಿರ ತಂದುದನ್ನು ಕಂಡು ಯಾತ್ರಿಕರು ಮೆಚ್ಚುತ್ತಾರೆ. ಆದರೆ ಈ ಸಾಮೀಪ್ಯದ ಅರ್ಥವೇನೆಂಬುದನ್ನು ನಮ್ಮ ಪ್ರವಚನಗಳೂ ಯಾತ್ರಾಪುಸ್ತಕಗಳೂ ಸರಿಯಾಗಿ ಓದಿವೆಯೇ ಎಂಬುದು ಪರಾಮರ್ಶೆಗೆ ತಕ್ಕ ವಿಷಯ.

ಈ ಶಿಲ್ಪಗಳನ್ನು ಮತ್ತೊಮ್ಮೆ ನೋಡುವಂತೆ ಮಾಡಿದುದು ಒಂದು ಮನೆಯ ಪ್ರಶ್ನೆ. ಇಳಕಲ್ಲಿನ ಶ್ರಾವಕ ಕುಟುಂಬವೊಂದರ ಮಗ ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿ ಆಫ್ರಿಕಾ ಮೂಲದ ಸಣ್ಣ ಜಾತಿಯ ಹೆಬ್ಬಾವನ್ನು, ಬಾಲ್ ಪೈಥಾನ್ ಎಂದು ಕರೆಯುವುದನ್ನು, ಮನೆಗಳಲ್ಲಿ ಸಾಕುವುದುಂಟು. ಬಣ್ಣಕ್ಕೆ ಮರುಳಾಗಿ ಅವನೂ ಒಂದು ಮರಿಯನ್ನು ಕೊಂಡು ತಂದ. ಮೂರು ವಾರವಾದರೂ ಅದು ಏನನ್ನೂ ಮುಟ್ಟಲಿಲ್ಲ. ಕಳವಳಗೊಂಡು ಊರಿಗೆ ಫೋನು ಮಾಡಿದಾಗ ಅಜ್ಜಿ ಹೇಳಿದರು: ‘ಒಂದು ಬಟ್ಟಲು ಹಾಲು ಇಡಪ್ಪಾ, ಪಂಚಮಿಗೆ ನಾವು ಎರೆಯೂದಿಲ್ಲೇನು?’ ಸೋದರಮಾವನವರು ಹೇಳಿದರು: ‘ಜೈನರ ಮನೆಗೆ ಬಂದೈತಿ, ಉಪವಾಸ ಹಿಡದೈತಿ. ಪುಣ್ಯಜೀವಿ, ತಡೀಬ್ಯಾಡ.’ ಈ ಎರಡು ಉತ್ತರಗಳೂ ಪ್ರೀತಿಯಿಂದಲೇ ಬಂದವು. ಎರಡೂ ತಪ್ಪು. ಅವುಗಳ ತಪ್ಪಿನ ಮೂಲ ನಾವು ಆ ಶಿಲ್ಪಗಳನ್ನೂ ಪುರಾಣಗಳನ್ನೂ ಓದುವ ಬಗೆಯಲ್ಲಿದೆ ಎಂಬುದು ಈ ಲೇಖನದ ಅಭಿಪ್ರಾಯ.

ಮೊದಲು ಹಾಲಿನ ಮಾತು. ಹಾವು ಮಾಂಸಾಹಾರಿ, ಸಸ್ಯವನ್ನು ತಿಂದು ಬದುಕುವ ಹಾವು ಲೋಕದಲ್ಲಿ ಒಂದೂ ಇಲ್ಲ. ಹಾಲು ಅದರ ಆಹಾರವಲ್ಲ, ಅದನ್ನು ಅರಗಿಸಿಕೊಳ್ಳಲು ಅದಕ್ಕೆ ಬಾರದು. ಪಂಚಮಿಯಂದು ಬುಟ್ಟಿಯ ಹಾವು ಹಾಲು ಕುಡಿಯುವಂತೆ ಕಂಡರೆ ಅದಕ್ಕೆ ಕಾರಣ ಭಕ್ತಿಯಲ್ಲ, ಬಾಯಾರಿಕೆ. ಹಬ್ಬಕ್ಕೆ ಮುಂಚೆ ದಿನಗಟ್ಟಲೆ ನೀರನ್ನೂ ಆಹಾರವನ್ನೂ ಕೊಡದೆ, ಹಲವು ವೇಳೆ ವಿಷದ ಹಲ್ಲುಗಳನ್ನು ಕಿತ್ತು, ಬಾಯಿ ಹೊಲಿದು ಅದನ್ನು ತರಲಾಗುತ್ತಿತ್ತು. ಕುಡಿದ ಹಾಲು ಶ್ವಾಸಕೋಶಕ್ಕೆ ಸೇರಿ ಎಷ್ಟೋ ಹಾವುಗಳು ಸತ್ತಿವೆ. ಪ್ರತಿಮೆಗೆ ಒಂದು ನಡತೆ, ಜೀವಕ್ಕೆ ಇನ್ನೊಂದು ನಡತೆ ಎಂಬ ಇಬ್ಬಗೆಯನ್ನು ಇದೇ ಜಿಲ್ಲೆಯ ಕೂಡಲಸಂಗಮದೊಡನೆ ಬೆಸೆದುಕೊಂಡ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಟೀಕಿಸಿದರು. ನಮ್ಮ ಆಗಮಪರಂಪರೆಯೂ ಈ ವಿಷಯದಲ್ಲಿ ಮೌನವಾಗಿಲ್ಲ. ಶ್ವೇತಾಂಬರ ಸಂಪ್ರದಾಯದ ಚಂಡಕೌಶಿಕನ ಕಥೆಯನ್ನು ನೆನೆಯೋಣ. ಭಗವಾನ್ ಮಹಾವೀರರಿಂದ ಎಚ್ಚೆತ್ತ ಆ ಸರ್ಪ ತಲೆಯನ್ನು ಬಿಲದೊಳಗಿಟ್ಟು ಅಲುಗದೆ ಮಲಗಿತು. ಜನರು ಭಕ್ತಿಯಿಂದ ಅದರ ಮೇಲೆ ತುಪ್ಪ ಸವರಿದರು. ತುಪ್ಪಕ್ಕೆ ಇರುವೆಗಳು ಮುತ್ತಿ ಅದರ ಮೈಯನ್ನು ತಿಂದವು. ಕಥೆಯನ್ನು ಹೇಳುವವರು ಸರ್ಪದ ಕ್ಷಮೆಯನ್ನು ಕೊಂಡಾಡಿ ಮುಂದೆ ಹೋಗುತ್ತಾರೆ. ಅರಿವಿಲ್ಲದ ಭಕ್ತಿಯೇ ಅಲ್ಲಿ ಹಿಂಸೆಯ ನಿಮಿತ್ತವಾಯಿತೆಂಬ ಅಂಶವನ್ನು ಒತ್ತಿ ಹೇಳುವವರು ವಿರಳ.

ಎರಡನೆಯದು ಉಪವಾಸದ ಮಾತು. ಇದು ಹಾಲಿಗಿಂತ ಸೂಕ್ಷ್ಮ, ಆದ್ದರಿಂದ ಹೆಚ್ಚು ಅಪಾಯಕಾರಿ. ತಿರ್ಯಂಚ ಜೀವಿಗಳೂ ವ್ರತ ಹಿಡಿದ ಉದಾಹರಣೆ ನಮ್ಮಲ್ಲಿಲ್ಲವೇ ಎಂದು ಕೇಳಬಹುದು, ಇದೆ. ಪಾರ್ಶ್ವನಾಥರ ಪೂರ್ವಭವದಲ್ಲಿ ಮರುಭೂತಿಯು ವಜ್ರಘೋಷನೆಂಬ ಆನೆಯಾಗಿ ಹುಟ್ಟಿ, ಮುನಿಯ ಉಪದೇಶದಿಂದ ಶ್ರಾವಕವ್ರತಗಳನ್ನು ಪಡೆಯಿತು. ಆದರೆ ಆ ಆನೆ ಉಪದೇಶವನ್ನು ಕೇಳಿತು, ನೆನಪನ್ನು ಪಡೆಯಿತು, ಕಾಡಿನಲ್ಲಿ ಸ್ವತಂತ್ರವಾಗಿದ್ದು ತಾನೇ ಆರಿಸಿಕೊಂಡಿತು. ಗಾಜಿನ ಪೆಟ್ಟಿಗೆಯಲ್ಲಿ ಬಂದಿಯಾದ ಮರಿಗೆ ಆಯ್ಕೆಯೆಲ್ಲಿ? ಅದು ತಿನ್ನದಿರುವುದು ಭಯದಿಂದ. ಸಂಕಲ್ಪವಿಲ್ಲದ ನಿರಾಹಾರವನ್ನು ತಪಸ್ಸೆಂದು ಕರೆಯುವುದು ಸಲ್ಲೇಖನದಂಥ ಗಂಭೀರ ವ್ರತಕ್ಕೂ ಮಾಡುವ ಅಪಚಾರ. ಅದೇ ಪುರಾಣ ಇನ್ನೊಂದು ಸತ್ಯವನ್ನೂ ಮುಚ್ಚಿಡುವುದಿಲ್ಲ. ಕಮಠನ ಜೀವ ಕುಕ್ಕುಟಸರ್ಪವಾಗಿ ಆ ಆನೆಯನ್ನು ಕಚ್ಚಿತು. ಮುಂದೆ ಅಜಗರವಾಗಿ ತಪೋನಿರತ ಮುನಿಯನ್ನೇ ನುಂಗಿತು. ಗುಣಭದ್ರಾಚಾರ್ಯರ ಉತ್ತರಪುರಾಣದ ಪರಂಪರೆಯಲ್ಲಿ ಬೆಳೆದ ಈ ಕಥೆಯನ್ನು 1222ರಲ್ಲಿ ಪಾರ್ಶ್ವಪಂಡಿತನು ರಟ್ಟರ ಆಶ್ರಯದಲ್ಲಿ ಕನ್ನಡಕ್ಕೆ ತಂದನು. ಹೆಬ್ಬಾವು ನುಂಗುವ ಜೀವಿ ಎಂಬುದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಅದನ್ನು ಮರೆತವರು ನಾವು.

ಹಾಗಾದರೆ ಆ ಮರಿ ಏಕೆ ತಿನ್ನುತ್ತಿಲ್ಲ? ಮೊಟ್ಟೆಯಿಂದ ಹೊರಬಂದ ಮರಿ ಮೊದಲ ಕೆಲವು ದಿನ ತನ್ನೊಳಗೆ ಉಳಿದ ಭಂಡಾರದ ಬಲದಿಂದ ಬದುಕುತ್ತದೆ. ಸಾಮಾನ್ಯವಾಗಿ ಮೊದಲ ಪೊರೆ ಬಿಟ್ಟ ಮೇಲೆ ಆಹಾರವನ್ನು ಹುಡುಕುತ್ತದೆ. ಹಾವಿನ ಮೈಗೆ ಸ್ವಂತ ಕಾವಿಲ್ಲ. ಸುತ್ತಲಿನ ಶಾಖ ಸಾಲದಿದ್ದರೆ ಅದು ಅರಗಿಸಲಾರದು, ಆದ್ದರಿಂದ ತಿನ್ನದು. ಪೆಟ್ಟಿಗೆಯ ಒಂದು ಬದಿ ಸುಮಾರು 32 ಡಿಗ್ರಿ ಸೆಲ್ಸಿಯಸ್ ಬೆಚ್ಚಗೂ ಇನ್ನೊಂದು ಬದಿ ಸುಮಾರು 26 ಡಿಗ್ರಿ ತಂಪಾಗಿಯೂ ಇರಬೇಕು. ಮೈಯನ್ನು ಒತ್ತಿಕೊಂಡು ಅಡಗಲು ಇಕ್ಕಟ್ಟಾದ ಗೂಡು ಬೇಕು, ಕುಡಿಯಲು ನೀರು ಬೇಕು. ದಿನವೂ ಎತ್ತಿ ಆಡಿಸಬಾರದು. ಕೆಲವು ದಿನ ಅದರ ಪಾಡಿಗೆ ಬಿಡಬೇಕು. ಇಷ್ಟಾದ ಮೇಲೆ ಕತ್ತಲಾದ ಹೊತ್ತಿನಲ್ಲಿ, ಸತ್ತ ಇಲಿಮರಿಯನ್ನು ಬೆಚ್ಚಗೆ ಮಾಡಿ ಮುಂದಿಟ್ಟರೆ, ಬಹಳಷ್ಟು ಮರಿಗಳು ತಾವಾಗಿ ಹಿಡಿಯುತ್ತವೆ. ಬಾಯಿ ತೆರೆದು ತುರುಕಿದರೆ ಗಂಟಲಿಗೆ ಗಾಯ, ಭಯ ಇಮ್ಮಡಿ. ಬೆಳೆದ ಹೆಬ್ಬಾವು ತಿಂಗಳುಗಟ್ಟಲೆ ಹಸಿದಿರಬಲ್ಲದು. ಎಳೆಯ ಮರಿಗೆ ಆ ಶಕ್ತಿಯಿಲ್ಲ. ಮೈ ಇಳಿಯುತ್ತಿದ್ದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಬೇಕು.

ಇಲ್ಲಿ ಓದುಗರ ಮನಸ್ಸು ತಡೆಯುತ್ತದೆ. ತಡೆಯಬೇಕಾದುದೇ. ಇಲಿಮರಿಯೂ ಪಂಚೇಂದ್ರಿಯ ಜೀವ. ಬೇರೆ ಯಾರೋ ಕೊಂದು, ಹೆಪ್ಪುಗಟ್ಟಿಸಿ ಮಾರಿದರೆಂದ ಮಾತ್ರಕ್ಕೆ ಕೊಂಡವನು ಪಾರಾಗುವುದಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರೂ ದಾರಿಗಳನ್ನು ನಮ್ಮ ಆಚಾರ್ಯರು ಎಣಿಸಿದ್ದಾರೆ. ಹಾಗೆಂದು ಹಸಿವಿನಿಂದ ಸಾಯಲು ಬಿಟ್ಟರೂ ಪಾರಿಲ್ಲ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದಾಗಿ ಬಂಧವನ್ನೂ ಕೊನೆಯದಾಗಿ ಅನ್ನಪಾನನಿರೋಧವನ್ನೂ ಹೇಳುತ್ತದೆ. ಕಟ್ಟಿಹಾಕುವುದರಿಂದ ಆರಂಭವಾದದ್ದು ಅನ್ನ ತಪ್ಪಿಸುವುದರಲ್ಲಿ ಮುಗಿಯುತ್ತದೆ. ಆ ಗಾಜಿನ ಪೆಟ್ಟಿಗೆಯಲ್ಲಿ ಎರಡೂ ಕೊನೆಗಳು ಒಟ್ಟಿಗೆ ಬಂದಿವೆ. ಇಂಥ ಇಕ್ಕಟ್ಟು ಬಾರದಿರಲೆಂದೇ ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಅನರ್ಥದಂಡದಲ್ಲಿ ಸೇರಿಸಿತು. ಹಾವಿನ ಸ್ವಭಾವದಲ್ಲಿ ದೋಷವಿಲ್ಲ. ಪ್ರಯೋಜನವಿಲ್ಲದೆ ಅದನ್ನು ತಂದಿರಿಸಿಕೊಂಡ ನಮ್ಮ ವಿನೋದದಲ್ಲಿ ದೋಷವಿದೆ. ತಪ್ಪು ನಡೆದುದು ಹಾವು ಊಟ ಬಿಟ್ಟ ದಿನವಲ್ಲ, ಕೊಂಡು ತಂದ ದಿನ.

ಆದ್ದರಿಂದ ಆ ಯುವಕನಿಗೆ ಕೊಡಬಹುದಾದ ಉತ್ತರ ಸಿಹಿಯಾದುದಲ್ಲ. ಮರಿ ಅವನ ಮನೆಯಲ್ಲಿರುವವರೆಗೆ ಅದರ ಶಾಖ, ನೀರು, ನೆಮ್ಮದಿಯ ಹೊಣೆ ಅವನದು. ಅದನ್ನು ಹಸಿವಿನಿಂದ ಸಾಯಗೊಡುವ ಅಧಿಕಾರ ಅವನಿಗಿಲ್ಲ. ಬೇಗನೆ ಸರೀಸೃಪಗಳ ಆರೈಕೆ ಮಾಡುವ ರಕ್ಷಣಾಕೇಂದ್ರಕ್ಕೆ ಅದನ್ನು ಒಪ್ಪಿಸಬೇಕು. ಪರದೇಶದ ಕಾಡಿಗೆ ಬಿಡಬಾರದು. ಅಲ್ಲಿ ಅದು ಸಾಯುತ್ತದೆ, ಇಲ್ಲವೇ ಫ್ಲಾರಿಡಾದಲ್ಲಿ ನೆಲೆಯೂರಿದ ಬರ್ಮಾ ಹೆಬ್ಬಾವುಗಳಂತೆ ಅಲ್ಲಿಯ ಜೀವಿಗಳನ್ನು ಬರಿದುಮಾಡುತ್ತದೆ. ಒಪ್ಪಿಸಿದರೂ ಆ ಕೇಂದ್ರದಲ್ಲಿ ಇಲಿಗಳು ಸಾಯುತ್ತವೆಂಬುದನ್ನು ಮರೆಮಾಚುವುದು ಬೇಡ. ಅವನು ಮಾಡಬಹುದಾದುದು ಪ್ರತಿಕ್ರಮಣ, ಇನ್ನೊಂದನ್ನು ಕೊಳ್ಳದಿರುವ ನಿಯಮ, ಕೊಳ್ಳಹೊರಟ ಗೆಳೆಯನಿಗೆ ತನ್ನ ಅನುಭವವನ್ನು ಹೇಳುವ ಧೈರ್ಯ. ನಮ್ಮ ದೇಶದಲ್ಲಿಯಾದರೋ ನಾಗರಹಾವು, ಹೆಬ್ಬಾವು, ಕೇರೆಹಾವುಗಳನ್ನು ಹಿಡಿದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೇ ಆಗಿದೆ.

ಬಸದಿಗಳ ಟ್ರಸ್ಟುಗಳಿಗೂ ಇಲ್ಲಿ ಕೆಲಸವಿದೆ. ಪಂಚಮಿಯಂದು ಹಾವಿನ ಬುಟ್ಟಿ ಬಸದಿಯ ಬಾಗಿಲಿಗೆ ಬಂದರೆ ಕಾಣಿಕೆ ಕೊಡದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಧರಣೇಂದ್ರ ಪದ್ಮಾವತಿಯರ ಆರಾಧನೆಗೆ ಬಂದ ಮಕ್ಕಳಿಗೆ ಹಾವಿನ ನಿಜವಾದ ಬಾಳನ್ನೂ ತಿಳಿಸಿ ಹೇಳಬೇಕು.

ಈಗ ಮತ್ತೆ ಬಾದಾಮಿಯ ಗುಹೆಗೆ ಬರೋಣ. ‘ಹಾವು ಸ್ವಾಮಿಯ ಸೇವೆ ಮಾಡಿತು, ನಾವು ಹಾವಿನ ಸೇವೆ ಮಾಡೋಣ’ ಎಂಬುದು ರೂಢಿಯ ವ್ಯಾಖ್ಯಾನ. ಶಿಲ್ಪ ಹಾಗೆ ಹೇಳುವುದಿಲ್ಲ. ಕೊಡಲಿಯೇಟಿಗೆ ತುಂಡಾಗಿ ಸಾಯುತ್ತಿದ್ದ ನಾಗದಂಪತಿಗೆ ಕುಮಾರ ಪಾರ್ಶ್ವನು ಹಾಲನ್ನು ಕೊಡಲಿಲ್ಲ, ಮನೆಗೆ ಒಯ್ದು ಸಾಕಲಿಲ್ಲ. ಕೊಡಲಿಯನ್ನು ತಡೆಯಲು ಯತ್ನಿಸಿದನು, ಆಮೇಲೆ ಸಮಾಧಾನದ ಮಾತನ್ನು ಕೊಟ್ಟನು. ಬಾಹುಬಲಿಯ ಪಾದದ ಬಳಿಯ ಸರ್ಪಗಳನ್ನು ಯಾರೂ ಕರೆದಿಲ್ಲ, ಯಾರೂ ಓಡಿಸಿಲ್ಲ. ಅವು ತಮ್ಮ ಹುತ್ತದಲ್ಲಿ ತಾವಿವೆ. ಎರಡು ಮೂರ್ತಿಗಳ ಕೈಗಳೂ ಬರಿದಾಗಿ ಇಳಿಬಿದ್ದಿವೆ. ಆ ಕೈಗಳಲ್ಲಿ ಬಟ್ಟಲಿಲ್ಲ, ಬುಟ್ಟಿಯಿಲ್ಲ. ಹಾವಿನ ಬಳಿ ನಿಲ್ಲುವ ರೀತಿಯನ್ನು ಆ ಬರಿಗೈಗಳಿಂದಲೇ ಕಲಿಯಬೇಕಾಗಿದೆ.